ಕಂದಕ ತೋಡಿ ಬೆಳಕು ತಂದ ಲೂನ್ ಕಣಿವೆ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಲ್ಯಾಂಕಾಷೈರ್ ಎಂಬ ಕೌಂಟಿಯಿದೆ. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಲ್ಯಾಂಕಾಸ್ಟರ್ ತಲುಪಬಹುದು. 1612ರಲ್ಲಿ ಮಾಟಗಾತಿಯರೆಂಬ ಆರೋಪ ಹೊತ್ತವರ ವಿಚಾರಣೆ ನಡೆದ ಕೋಟೆ ಇಂದಿಗೂ ಅಲ್ಲಿನ ದಿಬ್ಬದ ಮೇಲೆ ನಿಂತಿದೆ. ನಗರದ ಪಕ್ಕದಲ್ಲಿಯೇ ಲೂನ್ ನದಿ ಹರಿಯುತ್ತದೆ. ನಗರಕ್ಕೆ ಹೆಸರು ಬಂದದ್ದೂ ಈ ನದಿಯಿಂದಲೇ.

ನದಿಯ ಜಾಡು ಹಿಡಿದು ಈಶಾನ್ಯಕ್ಕೆ ಹೊರಟರೆ ಇಕ್ಕೆಲಗಳಲ್ಲಿಯೂ ಹಸಿರು ಹುಲ್ಲುಗಾವಲು, ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು, ಮೇಯುವ ಕುರಿಗಳು. ಬಲಕ್ಕೆ ಬೋಲ್ಯಾಂಡ್ ಅರಣ್ಯ ಎಂದು ಹೆಸರಾದ ಬೆಟ್ಟಸಾಲು. ಅರಣ್ಯವೆಂಬುದು ಹೆಸರಿಗೆ ಮಾತ್ರ. ಅಲ್ಲಿರುವುದು ಬಹುಪಾಲು ಬೋಳು ಗುಡ್ಡಗಳೇ. ಕ್ವರ್ನ್‌ಮೋರ್, ಹಾರ್ನ್‌ಬಿ, ರೇ, ಆರ್ಕ್‌ಹೋಮ್, ಮೆಲ್ಲಿಂಗ್ ಮುಂತಾದ ಪುಟ್ಟ ಗ್ರಾಮಗಳು ಒಂದೊಂದಾಗಿ ಎದುರಾಗುತ್ತವೆ. ಮೇಲಕ್ಕೆ ಹೋದರೆ ಕರ್ಕ್‌ಬಿ ಲಾನ್ಸ್‌ಡೇಲ್. ಅಲ್ಲಿಂದ ಕಾಣುವ ನದಿಯ ತಿರುವನ್ನು ಚಿತ್ರಕಾರ ಟರ್ನರ್ ಚಿತ್ರಿಸಿದ. ವಿಮರ್ಶಕ ಜಾನ್ ರಸ್ಕಿನ್ ಅದನ್ನು ಕೊಂಡಾಡಿದ. ಹೀಗಾಗಿ ಆ ಜಾಗಕ್ಕೆ ‘ರಸ್ಕಿನ್ ನೋಟ’ ಎಂಬ ಹೆಸರೇ ಉಳಿದಿದೆ.

ಪ್ರವಾಸಿಗರು ಇದನ್ನೆಲ್ಲ ನೋಡಿ ಹಿಂತಿರುಗುತ್ತಾರೆ. ಆದರೆ ಈ ಕಣಿವೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ಅದು ಹುಲ್ಲುಗಾವಲಿನ ಕೆಳಗೆ, ಮಣ್ಣಿನಲ್ಲಿ ಹುದುಗಿದೆ. ಅದನ್ನು ಹೂತವರು ಯಾವ ಕಂಪೆನಿಯ ಕೂಲಿಯಾಳುಗಳೂ ಅಲ್ಲ. ಆ ಊರಿನ ರೈತರು, ನಿವೃತ್ತರು ಮತ್ತು ಗೃಹಿಣಿಯರು.

‘ವರೆಗೆ’ ಎಂಬ ಪದದ ಮಹಿಮೆ

ಸುಮಾರು 20 ವರ್ಷಗಳ ಹಿಂದೆ ಬ್ರಿಟನ್ನಿನ ಮನೆಗಳಿಗೆ ಅಂತರಜಾಲ ಬರುತ್ತಿದ್ದುದು ದೂರವಾಣಿಯ ತಾಮ್ರದ ತಂತಿಯ ಮೂಲಕ. ಸೆಕೆಂಡಿಗೆ 8 ಮೆಗಾಬಿಟ್‌ವರೆಗೆ, 24 ಮೆಗಾಬಿಟ್‌ವರೆಗೆ ಎಂಬ ಜಾಹೀರಾತುಗಳು ಎಲ್ಲೆಲ್ಲೂ ಕಾಣುತ್ತಿದ್ದವು. ಜನ ಹಣ ಕಟ್ಟಿ ಹೊಸ ಯೋಜನೆಗೆ ಬದಲಾಗುತ್ತಿದ್ದರು. ಮನೆಯಲ್ಲಿ ಅಳೆದು ನೋಡಿದರೆ ಸಿಗುತ್ತಿದ್ದುದೇ ಬೇರೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ 2010ರ ಮೇ ತಿಂಗಳಲ್ಲಿ ಅಳತೆ ಮಾಡಿಸಿದಾಗ ಜಾಹೀರಾತಿನ ವೇಗ ಸರಾಸರಿ 11.5 ಮೆಗಾಬಿಟ್ ಇದ್ದರೆ, ಮನೆಗಳಿಗೆ ನಿಜವಾಗಿ ತಲುಪುತ್ತಿದ್ದುದು 5.2 ಮೆಗಾಬಿಟ್ ಮಾತ್ರ. ಅಂದರೆ ಅರ್ಧಕ್ಕಿಂತಲೂ ಕಡಿಮೆ!

ಇದು ದೇಶದ ಸರಾಸರಿ. ಲೂನ್ ಕಣಿವೆಯಂಥ ಕಡೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ದೂರವಾಣಿ ವಿನಿಮಯ ಕೇಂದ್ರದಿಂದ ಹಲವು ಕಿಲೋಮೀಟರ್ ದೂರದಲ್ಲಿದ್ದ ಒಂಟಿ ಮನೆಗಳಿಗೆ ಒಂದು ಮೆಗಾಬಿಟ್ ಸಿಕ್ಕರೂ ಪುಣ್ಯ ಎನ್ನುವಂತಿತ್ತು. ಕೆಲವು ಮನೆಗಳಿಗೆ ಅದೂ ಇರಲಿಲ್ಲ.

ಇದರ ಹಿಂದಿನ ವಿಜ್ಞಾನವನ್ನು ವಿದ್ಯಾರ್ಥಿಗಳು ತಿಳಿಯಬೇಕು. ದೂರವಾಣಿಯ ತಂತಿಯನ್ನು ಹಾಕಿದ್ದು ಮಾತನಾಡಲು. ಮಾತಿಗೆ ಬೇಕಾದ ಆವೃತ್ತಿ ಸೆಕೆಂಡಿಗೆ ಮೂರು ನಾಲ್ಕು ಸಾವಿರ ಕಂಪನಗಳಷ್ಟೆ. ಅಂತರಜಾಲದ ಮಾಹಿತಿಯನ್ನು ಅದೇ ತಂತಿಯಲ್ಲಿ ಕಳಿಸಬೇಕಾದರೆ ಹತ್ತಾರು ಲಕ್ಷ ಕಂಪನಗಳ ಆವೃತ್ತಿ ಬೇಕು. ಆವೃತ್ತಿ ಹೆಚ್ಚಿದಷ್ಟೂ, ತಂತಿ ಉದ್ದವಾದಷ್ಟೂ ಸಂಕೇತ ಬೇಗ ಕ್ಷೀಣಿಸುತ್ತದೆ. ವಿನಿಮಯ ಕೇಂದ್ರದ ಮಗ್ಗುಲಲ್ಲಿರುವ ಮನೆಗೆ 20 ಮೆಗಾಬಿಟ್ ಸಿಗಬಹುದು. ಐದು ಕಿಲೋಮೀಟರ್ ಆಚೆಯ ಮನೆಗೆ ಎರಡು ಸಿಗುವುದೂ ಕಷ್ಟ. ಇಬ್ಬರೂ ಕಟ್ಟುವ ಹಣ ಮಾತ್ರ ಒಂದೇ. ‘ವರೆಗೆ’ ಎಂಬ ಪದ ಈ ವ್ಯತ್ಯಾಸವನ್ನೆಲ್ಲ ಮುಚ್ಚಿಹಾಕುತ್ತಿತ್ತು.

ಇದರ ಜೊತೆಗೆ ಇನ್ನೊಂದು ಕಾರಣವೂ ಇದೆ. ಒಂದು ಮುಖ್ಯ ಕೊಳವೆಯ ನೀರನ್ನು ಇಡೀ ಬೀದಿ ಹಂಚಿಕೊಳ್ಳುವ ಹಾಗೆ ಒಂದು ಮಾರ್ಗದ ಸಾಮರ್ಥ್ಯವನ್ನು ಹತ್ತಾರು ಮನೆಗಳು ಹಂಚಿಕೊಳ್ಳುತ್ತವೆ. ಬೆಳಗಿನ ಜಾವ ಎಲ್ಲರೂ ಮಲಗಿರುವಾಗ ವೇಗ ಚೆನ್ನಾಗಿಯೇ ಇರುತ್ತದೆ. ಸಂಜೆ ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಧಾರೆ ಸಣ್ಣದಾಗುತ್ತದೆ. ಮಕ್ಕಳು ಮನೆಪಾಠಕ್ಕೆ ಕೂರುವುದು ಅದೇ ಹೊತ್ತಿನಲ್ಲಿ.

ಮುಂದಕ್ಕೆ ಹೋಗುತ್ತಲೇ ಇದ್ದ ಗಡುವು

ಬ್ರಿಟಿಷ್ ಸರ್ಕಾರ ಸುಮ್ಮನೆ ಕುಳಿತಿತ್ತು ಎನ್ನುವಂತಿಲ್ಲ. 2012ರ ವೇಳೆಗೆ ದೇಶದ ಎಲ್ಲ ಮನೆಗೂ ಕನಿಷ್ಠ 2 ಮೆಗಾಬಿಟ್ ವೇಗ ಕೊಡುವುದಾಗಿ 2009ರಲ್ಲಿ ಭರವಸೆ ನೀಡಲಾಯಿತು. ಮರುವರ್ಷ ಸರ್ಕಾರ ಬದಲಾಯಿತು. ಗಡುವು 2015ಕ್ಕೆ ಸರಿಯಿತು. ರಸ್ತೆಬದಿಯ ಪೆಟ್ಟಿಗೆಯವರೆಗೆ ಗಾಜಿನ ತಂತು ಎಳೆದು, ಅಲ್ಲಿಂದ ಮನೆಗೆ ಹಳೆಯ ತಾಮ್ರದ ತಂತಿಯನ್ನೇ ಬಳಸುವ ಯೋಜನೆ ಬಂತು. ಪಟ್ಟಣಗಳಿಗೆ ಇದರಿಂದ ನಿಜಕ್ಕೂ ಅನುಕೂಲವಾಯಿತು. ಆದರೆ ಪೆಟ್ಟಿಗೆಯಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿರುವ ಬೆಟ್ಟದ ಮನೆಗೆ ಏನು ಪ್ರಯೋಜನ?

ತೊಂದರೆ ಬರೀ ಚಲನಚಿತ್ರ ನೋಡುವುದಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ದನಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದನ್ನು ಅಲ್ಲಿನ ರೈತ ಸರ್ಕಾರಕ್ಕೆ ವರದಿ ಮಾಡಬೇಕು. ಇಂಥ ಕೆಲಸಗಳೆಲ್ಲ ಒಂದೊಂದಾಗಿ ಅಂತರಜಾಲಕ್ಕೆ ಸರಿಯುತ್ತಿದ್ದವು. ಶಾಲೆಯ ಪಾಠಗಳೂ ಅಷ್ಟೆ. ವೇಗವಿಲ್ಲದ ಹಳ್ಳಿಯಲ್ಲಿ ಮನೆ ಕೊಳ್ಳಲು ಚಿಕ್ಕ ಮಕ್ಕಳಿರುವ ಕುಟುಂಬ ಹಿಂದೆಮುಂದೆ ನೋಡುವುದು ಸಹಜ. ಮಕ್ಕಳಿಲ್ಲದಿದ್ದರೆ ಹಳ್ಳಿಯ ಶಾಲೆ ಮುಚ್ಚುತ್ತದೆ; ಶಾಲೆ ಮುಚ್ಚಿದರೆ ಊರು ಮುದುಕರ ಊರಾಗುತ್ತದೆ. ಕಣಿವೆಯವರನ್ನು ಕಾಡಿದ ಚಿಂತೆ ಇದು.

ಬೆಳೆದು ನಿಂತ ಮರ

ರೋಬರ್ನ್ ಮತ್ತು ಹೈಂಡ್‌ಬರ್ನ್ ಎಂಬ ಎರಡು ತೊರೆಗಳು ಕೂಡುವಲ್ಲಿ ರೇ ಗ್ರಾಮವಿದೆ. 1967ರ ಆಗಸ್ಟ್ 8ರಂದು ಹಠಾತ್ ಪ್ರವಾಹ ಬಂದು ಇಲ್ಲಿನ ಮನೆ, ಸೇತುವೆಗಳು ಕೊಚ್ಚಿಹೋದದ್ದನ್ನು ಹಿರಿಯರು ನೆನೆಯುತ್ತಾರೆ. ವರ್ಷಕ್ಕೊಮ್ಮೆ ಮೇ ದಿನದ ಆಸುಪಾಸಿನಲ್ಲಿ ಊರ ತುಂಬ ಬೆರ್ಚಪ್ಪಗಳನ್ನು ನಿಲ್ಲಿಸಿ ಹಬ್ಬ ಮಾಡುವುದು ಈ ಊರಿನ ವಿಶೇಷ.

ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದವರು ಈ ಹಳ್ಳಿಯಲ್ಲಿ ರೇಡಿಯೊ ಅಲೆಗಳ ಮೂಲಕ ಅಂತರಜಾಲ ಒದಗಿಸುವ ಪ್ರಯೋಗ ನಡೆಸಿದ್ದರು. ಆದರೆ ರೇಡಿಯೊ ಸಂಪರ್ಕಕ್ಕೆ ಎರಡು ಕಂಬಗಳು ಒಂದಕ್ಕೊಂದು ಕಾಣುವಂತಿರಬೇಕು. ಮರಗಳು ಬೆಳೆದು ಎತ್ತರವಾದಾಗ ಅಡ್ಡಿಯಾಗುವುದುಂಟು. ಕೃಷಿಕ ಮನೆತನದ ಕ್ರಿಸ್ ಕಾಂಡರ್ ಎಂಬ ಮಹಿಳೆಯ ನೆರೆಮನೆಗೆ ಹೀಗೆಯೇ ಸಂಪರ್ಕ ತಪ್ಪಿತು. ಆಕೆ ಒಂದು ಕಿಲೋಮೀಟರ್ ಉದ್ದದ ಗಾಜಿನ ತಂತು ಕೊಂಡು, ಹೊಲದಲ್ಲಿ ಗುಂಡಿ ತೋಡಿ ಎಳೆದೇಬಿಟ್ಟರು. ಅದು ಕೆಲಸ ಮಾಡಿತು. ಒಂದು ಹೊಲದಲ್ಲಿ ಸಾಧ್ಯವಾದದ್ದು ಇಡೀ ಕಣಿವೆಯಲ್ಲಿ ಏಕಾಗಬಾರದು ಎಂಬ ಪ್ರಶ್ನೆ ಎದ್ದಿತು.

ಜಾಲ ತಂತ್ರಜ್ಞಾನದಲ್ಲಿ ಪರಿಣತರಾದ ಬ್ಯಾರಿ ಫೋರ್ಡ್ ಯೋಜನೆಯ ನಕ್ಷೆ ಸಿದ್ಧಪಡಿಸಿದರು. ‘ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್’ ಎಂಬ ಸಂಸ್ಥೆ ಹುಟ್ಟಿತು. ‘ಬಾರ್ನ್’ ಎಂದು ಎಲ್ಲರೂ ಕರೆಯುವುದು ಇದನ್ನೇ. ಇದು ಸಹಕಾರಿ ಸಂಘದ ಮಾದರಿಯದು; ಲಾಭವೇನಿದ್ದರೂ ಸಮುದಾಯಕ್ಕೇ ಸಲ್ಲಬೇಕು. 2011ರ ಕೊನೆಯಲ್ಲಿ ಊರವರಿಗೆ ಷೇರು ಮಾರಾಟ ಆರಂಭವಾಯಿತು. 2012ರಲ್ಲಿ ಅಗೆತ ಶುರುವಾಯಿತು.

ಷೇರಿಗೆ ಬದಲು ಶ್ರಮ

ಗಾಜಿನ ತಂತಿನ ಬೆಲೆ ಹೆಚ್ಚಲ್ಲ. ಅದನ್ನು ನೆಲದಲ್ಲಿ ಹೂಳುವ ಖರ್ಚೇ ದೊಡ್ಡದು. ರಸ್ತೆ ಅಗೆದರೆ ಮತ್ತೆ ಡಾಂಬರು ಹಾಕಬೇಕು, ವಾಹನಗಳನ್ನು ತಡೆಯಬೇಕು. ಕಣಿವೆಯವರು ರಸ್ತೆಯ ಗೊಡವೆಗೆ ಆದಷ್ಟೂ ಹೋಗಲಿಲ್ಲ. ಹೊಲದಿಂದ ಹೊಲಕ್ಕೆ ಸಾಗಿದರು. ಭೂಮಾಲೀಕರು ಬಾಡಿಗೆ ಕೇಳದೆ ದಾರಿ ಬಿಟ್ಟರು. ಟ್ರ್ಯಾಕ್ಟರಿಗೆ ಕಟ್ಟಿದ ವಿಶೇಷ ನೇಗಿಲು ನೆಲ ಸೀಳುತ್ತ ಕೊಳವೆಯನ್ನು ಹೂಳುತ್ತ ಹೋಯಿತು. ಬಳಿಕ ಗಾಳಿಯ ಒತ್ತಡದಿಂದ ಕೊಳವೆಯೊಳಕ್ಕೆ ತಂತನ್ನು ಊದಿ ತೂರಿಸಿದರು. ಅಗೆದವರಿಗೆ ಮೀಟರಿಗೆ ಒಂದೂವರೆ ಪೌಂಡ್ ಲೆಕ್ಕ. ಅದನ್ನು ಷೇರಿನ ರೂಪದಲ್ಲಿಯೂ ಪಡೆಯಬಹುದಿತ್ತು. ಕೈಯಲ್ಲಿ ಹಣವಿಲ್ಲದವನೂ ಗುದ್ದಲಿ ಹಿಡಿದು ಪಾಲುದಾರನಾದ!

ಹರಿಯದ ಹಳೆ ಮನೆಗಳ ದಪ್ಪ ಕಲ್ಲುಗೋಡೆ ಕೊರೆಯುವುದು, ತಂತುಗಳ ತುದಿಗಳನ್ನು ಬೆಸೆಯುವುದು ಮುಂತಾದ ನಾಜೂಕು ಕೆಲಸಗಳನ್ನೂ ಹಳ್ಳಿಗರು ಕಲಿತರು. ಕೂದಲೆಳೆಯಷ್ಟು ಸಪೂರವಾದ ಎರಡು ಗಾಜಿನ ತಂತುಗಳನ್ನು ಒಂದರ ಎದುರು ಒಂದಿಟ್ಟು ವಿದ್ಯುತ್ ಕಿಡಿಯಿಂದ ಕರಗಿಸಿ ಕೂಡಿಸಬೇಕು. ಕೃಷಿಕರ ಕೈಗೆ ಅದೂ ಒಗ್ಗಿತು. ಮ್ಯಾಂಚೆಸ್ಟರಿನ ಅಂತರಜಾಲ ಕೇಂದ್ರದವರೆಗೆ ಮಾರ್ಗವನ್ನು ಬಾಡಿಗೆಗೆ ಪಡೆದು ಕಣಿವೆಯನ್ನು ಜಗತ್ತಿಗೆ ಜೋಡಿಸಲಾಯಿತು.

ಫಲ ಸೋಜಿಗದ್ದು. ಸೆಕೆಂಡಿಗೆ 1000 ಮೆಗಾಬಿಟ್ ವೇಗ. ಪಡೆಯುವುದಕ್ಕೂ ಅಷ್ಟೇ, ಕಳಿಸುವುದಕ್ಕೂ ಅಷ್ಟೇ. ಆರಂಭದ ವರ್ಷಗಳಲ್ಲಿ ಇದಕ್ಕೆ ತಿಂಗಳಿಗೆ 30 ಪೌಂಡ್ ಶುಲ್ಕ. 225 ಮೆಗಾಬೈಟಿನ ಒಂದು ಪಾಠದ ವಿಡಿಯೊ ಎಂದುಕೊಳ್ಳೋಣ. ಒಂದು ಬೈಟಿಗೆ ಎಂಟು ಬಿಟ್. ಆದ್ದರಿಂದ ಅದು 1800 ಮೆಗಾಬಿಟ್. 2 ಮೆಗಾಬಿಟ್ ವೇಗದಲ್ಲಿ ಅದು ಇಳಿಯಲು 15 ನಿಮಿಷ ಬೇಕು. 1000 ಮೆಗಾಬಿಟ್‌ನಲ್ಲಿ ಎರಡು ಸೆಕೆಂಡೂ ಬೇಡ. ಲಂಡನ್ನಿನ ಎಷ್ಟೋ ಶ್ರೀಮಂತ ಬಡಾವಣೆಗಳಿಗೂ ಆಗ ಈ ಭಾಗ್ಯವಿರಲಿಲ್ಲ.

ಗಾಜಿನೊಳಗಿನ ಬೆಳಕು

ತಂತಿನಲ್ಲಿ ಬೆಳಕು ಹೊರಚೆಲ್ಲದೆ ಸಾಗುವುದು ಪೂರ್ಣ ಆಂತರಿಕ ಪ್ರತಿಫಲನದಿಂದ. ಪ್ರೌಢಶಾಲೆಯ ಪಠ್ಯದಲ್ಲಿ ಇದು ಬರುತ್ತದೆ. ಭಾರತ ಮೂಲದ ನರಿಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ದೂರಸಂಪರ್ಕಕ್ಕೆ ಬಳಸಬಹುದೆಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. 2009ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ತಂತಿನಲ್ಲಿ 15 ಕಿಲೋಮೀಟರ್ ಸಾಗಿದ ಮೇಲೂ ಬೆಳಕು ಹೆಚ್ಚುಕಡಿಮೆ ಅರ್ಧದಷ್ಟು ಉಳಿದಿರುತ್ತದೆ. ಹೀಗಾಗಿ ಬೆಟ್ಟದ ಮನೆಗೂ ಪೇಟೆಯ ಮನೆಗೂ ಭೇದವಿಲ್ಲ.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ತಿದ್ದಬೇಕು. ಗಾಜಿನಲ್ಲಿ ಬೆಳಕಿನ ಓಟ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ತಾಮ್ರದಲ್ಲಿಯೂ ಸಂಕೇತ ಹೆಚ್ಚುಕಡಿಮೆ ಅಷ್ಟೇ ರಭಸದಿಂದ ಓಡುತ್ತದೆ. ವ್ಯತ್ಯಾಸ ಓಟದಲ್ಲಿಲ್ಲ, ರಸ್ತೆಯ ಅಗಲದಲ್ಲಿದೆ. ‘ವೇಗ’ ಎಂದು ಜಾಹೀರಾತು ಹೇಳುವುದು ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್‌ಗಳು ಸಾಗುತ್ತವೆ ಎಂಬ ಲೆಕ್ಕವನ್ನು.

ನಮ್ಮ ನಾಡಿನ ಲೆಕ್ಕ

ಲೂನ್ ಕಣಿವೆಯವರು ಷೇರು ಮಾರಲು ಹೊರಟ 2011ರಲ್ಲಿಯೇ, ಅಕ್ಟೋಬರಿನಲ್ಲಿ, ಭಾರತ ಸರ್ಕಾರ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತು ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಅದು ಭಾರತ್‌ನೆಟ್ ಎಂದು ಹೆಸರಾಯಿತು. ಎರಡು ವರ್ಷದ ಗಡುವು ಇಲ್ಲಿಯೂ ಮುಂದೆ ಸರಿಯಿತು. ಮೊದಲ ಒಂದು ಲಕ್ಷ ಪಂಚಾಯಿತಿಗಳ ಹಂತ ಮುಗಿದಾಗ 2017ರ ಡಿಸೆಂಬರ್ ಆಗಿತ್ತು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಮಲೆನಾಡಿನ, ಕರಾವಳಿಯ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಭಾರತದಲ್ಲಿ 2004ರಲ್ಲಿ 256 ಕಿಲೋಬಿಟ್ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್ ಆಯಿತು.

ಲೂನ್ ಕಣಿವೆಯ ದಾರಿ ಎಲ್ಲ ಕಡೆಗೂ ಸುಲಭವಲ್ಲ. ಅಲ್ಲಿ ಪರಿಣತರಿದ್ದರು, ಷೇರಿಗೆ ಹಣ ಹಾಕಬಲ್ಲ ನಿವೃತ್ತರಿದ್ದರು, ಜಮೀನು ಬಿಟ್ಟುಕೊಡುವ ಮನಸ್ಸಿನವರಿದ್ದರು. ಆದರೂ ಕೆಲಸ ಹಳ್ಳಿಯಿಂದ ಹಳ್ಳಿಗೆ ವರ್ಷಗಟ್ಟಲೆ ಹಿಡಿಯಿತು. ಎಂಟು ಪ್ಯಾರಿಷ್‌ಗಳ ಗುರಿಯಿಂದ ಹೊರಟ ಜಾಲ ಕಂಬ್ರಿಯಾ, ಯಾರ್ಕ್‌ಷೈರ್‌ಗಳಿಗೂ ಹಬ್ಬಿ ಇಂದು 10 ಸಾವಿರಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದೆ. ಜಾಹೀರಾತಿನ ನಿಯಮವೂ ಬ್ರಿಟನ್ನಿನಲ್ಲಿ ಬಿಗಿಯಾಯಿತು. 2012ರಿಂದ, ಹತ್ತರಲ್ಲಿ ಒಬ್ಬ ಗ್ರಾಹಕನಿಗಾದರೂ ಸಿಗುವ ವೇಗವನ್ನಷ್ಟೇ ಹೇಳಬೇಕಾಯಿತು. 2018ರ ಮೇ ತಿಂಗಳಿನಿಂದ, ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗಬೇಕೆಂದಾಯಿತು. 2020ರ ಮಾರ್ಚಿನಲ್ಲಿ 10 ಮೆಗಾಬಿಟ್ ವೇಗದ ಸಂಪರ್ಕ ಕೇಳುವ ಹಕ್ಕು ಜಾರಿಗೆ ಬಂತು.

ಪಾಲಕರೂ ವಿದ್ಯಾರ್ಥಿಗಳೂ ಮನೆಯಲ್ಲಿ ಮಾಡಬಹುದಾದ ಪ್ರಯೋಗ ಒಂದಿದೆ. ವೈಫೈ ಬಿಟ್ಟು ಕೇಬಲ್ಲಿನಿಂದಲೇ ಕಂಪ್ಯೂಟರನ್ನು ಜೋಡಿಸಿ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ, ಹೀಗೆ ಒಂದು ವಾರ ವೇಗವನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದು ನಕ್ಷೆ ಎಳೆಯಬೇಕು. ಕೇಬಲ್ಲಿನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಕುಸಿದರೆ ದೋಷ ಮನೆಯ ಗೋಡೆಗಳದು. ರಾತ್ರಿ ಮಾತ್ರ ಕುಸಿದರೆ ದಟ್ಟಣೆಯದು. ದಿನವಿಡೀ ಕಡಿಮೆಯಿದ್ದರೆ ಮಾರ್ಗದ್ದು ಇಲ್ಲವೆ ಯೋಜನೆಯದು. ದೂರು ಕೊಡಲು ಹೋದಾಗ ‘ತುಂಬಾ ನಿಧಾನ ಸ್ವಾಮಿ’ ಎನ್ನುವುದಕ್ಕಿಂತ ಈ ಒಂದು ಹಾಳೆಗೆ ತೂಕ ಹೆಚ್ಚು. ಲೂನ್ ಕಣಿವೆಯವರೂ ಗುದ್ದಲಿ ಹಿಡಿಯುವ ಮೊದಲು ಮಾಡಿದ್ದು ಲೆಕ್ಕವನ್ನೇ: ಎಷ್ಟು ಮನೆ, ಎಷ್ಟು ಮೀಟರ್, ಎಷ್ಟು ಹಣ ಎಂದು.