ದಾಳಿಂಬೆಯ ಊರಿನ ಗಿಟಾರ್ ಓಣಿ

ಸ್ಪೇನ್ ದೇಶದ ಗ್ರನಾಡಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಅಲ್ಹಾಂಬ್ರಾ ನೋಡಲೆಂದೇ ಹೋಗುತ್ತಾರೆ. ಬೆನ್ನ ಹಿಂದೆ ಹಿಮ ಹೊದ್ದ ಸಿಯೆರಾ ನೆವಾಡಾ ಪರ್ವತಸಾಲು, ಮುಂದೆ ಗುಡ್ಡದ ನೆತ್ತಿಯ ಮೇಲೆ ಕೆಂಪು ಗೋಡೆಯ ಅರಮನೆ. ಅರಬ್ಬಿ ಅರಸರು ಕಟ್ಟಿದ ಆ ಅರಮನೆಯನ್ನು 1492ರ ಜನವರಿ 2ರಂದು ಕೊನೆಯ ಸುಲ್ತಾನ ಕ್ರೈಸ್ತ ದೊರೆಗಳಿಗೆ ಒಪ್ಪಿಸಿ ಹೊರಟುಹೋದ. ಅದರ ಕಾರಂಜಿ, ಕಮಾನು, ಸುಣ್ಣದ ಗಾರೆಯ ಕುಸುರಿಗಳ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ. ಆದರೆ ಅಲ್ಲಿಗೆ ಏರುವ ದಾರಿಯಲ್ಲೇ ಇನ್ನೊಂದು ಗ್ರನಾಡಾ ಇದೆ. ಅದನ್ನು ನೋಡಲು ಟಿಕೆಟ್ ಬೇಕಿಲ್ಲ. ಸ್ವಲ್ಪ ನಿಧಾನ ಬೇಕು, ಅಷ್ಟೆ.

ಊರ ನಡುವಿನ ಪ್ಲಾಸಾ ನ್ವೇವಾ ಎಂಬ ಚೌಕದಿಂದ ಒಂದು ಇಕ್ಕಟ್ಟಾದ ಓಣಿ ನೇರ ಗುಡ್ಡದ ಕಡೆಗೆ ಏರುತ್ತದೆ. ಅದರ ಹೆಸರು ಕ್ವೆಸ್ಟಾ ದೆ ಗೊಮೆರೆಸ್. ‘ಕ್ವೆಸ್ಟಾ’ ಎಂದರೆ ಏರುದಾರಿ. ಓಣಿಯ ತುದಿಯಲ್ಲಿ ಹದಿನಾರನೆಯ ಶತಮಾನದ ಕಲ್ಲಿನ ಹೆಬ್ಬಾಗಿಲು. ಅದರ ಮೇಲೆ ಬಿರಿದ ಮೂರು ದಾಳಿಂಬೆಗಳ ಕೆತ್ತನೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ಗ್ರನಾಡಾ’ ಎಂದರೆ ದಾಳಿಂಬೆ ತಾನೆ! ಆ ಬಾಗಿಲು ದಾಟಿದರೆ ಅಲ್ಹಾಂಬ್ರಾದ ಮರಗಳ ನೆರಳು. ದಾಟುವ ಮೊದಲು ಎಡಬಲಕ್ಕೆ ಕಣ್ಣು ಹಾಯಿಸಿದರೆ ಗಾಜಿನ ಹಿಂದೆ ತೂಗುಹಾಕಿದ ಗಿಟಾರ್‌ಗಳು ಕಾಣುತ್ತವೆ. ತಂತಿ ಇನ್ನೂ ಕಟ್ಟದವು, ಬೆನ್ನು ಇನ್ನೂ ಅಂಟಿಸದವು, ಬರಿಯ ಪಕ್ಕೆಲುಬಿನ ಹಾಗೆ ಬಾಗಿ ನಿಂತ ಮರದ ಪಟ್ಟಿಗಳು. ಮರದ ಹೊಟ್ಟಿನ ವಾಸನೆ ಬೀದಿಯವರೆಗೆ ಬರುತ್ತದೆ.

ಈ ಊರಿಗೂ ಗಿಟಾರಿಗೂ ನಂಟು ಹಳೆಯದು. ಜಗತ್ತಿನ ಸಂಗೀತ ಸಭಾಂಗಣಗಳಿಗೆ ಗಿಟಾರನ್ನು ಕೊಂಡೊಯ್ದ ಆಂದ್ರೆಸ್ ಸೆಗೋವಿಯಾ ಬೆಳೆದದ್ದು ಇಲ್ಲೇ. ಬಾಲ್ಯದಲ್ಲಿ ಅವರ ಕೈಗೆ ಬಂದ ಗಿಟಾರ್ ಇದೇ ಊರಿನ ಬೆನಿತೊ ಫೆರೆರ್ ಮಾಡಿದ್ದು. ಫೆರೆರ್ ಮನೆತನದ ಎದ್ವಾರ್ದೊ ಫೆರೆರ್ ಅವರ ಕಾರ್ಯಾಗಾರದಲ್ಲಿ ಪಳಗಿದ ಹುಡುಗರು ಮುಂದೆ ತಮ್ಮದೇ ಅಂಗಡಿ ತೆರೆದರು. ಅವರ ಕೈಕೆಳಗೆ ಅವರ ಸೋದರಳಿಯಂದಿರು, ನೆರೆಮನೆಯ ಹುಡುಗರು ಕಲಿತರು. ಹೀಗೆ ಒಂದು ದೀಪದಿಂದ ಇನ್ನೊಂದು ದೀಪ.

ಬೆರಳ ತುದಿಯ ಗುಟ್ಟು

ಇಂದು ನಾವು ‘ಸ್ಪ್ಯಾನಿಷ್ ಗಿಟಾರ್’ ಎನ್ನುವ ವಾದ್ಯಕ್ಕೆ ಈಗಿನ ಅಳತೆ, ಆಕಾರಗಳನ್ನು ಕೊಟ್ಟವನು ಆಂಟೋನಿಯೊ ದೆ ಟೊರ್ರೆಸ್ (1817-1892). ಗ್ರನಾಡಾದ ನೆರೆಯ ಅಲ್ಮೆರಿಯಾದವನು. ಹನ್ನೆರಡನೆಯ ವಯಸ್ಸಿನಲ್ಲೇ ಬಡಗಿಯ ಬಳಿ ಕೆಲಸಕ್ಕೆ ಸೇರಿದವನು. ಅಷ್ಟು ದೊಡ್ಡ ಕುಶಲಕರ್ಮಿಗೂ ಗಿಟಾರ್ ಒಂದೇ ಹೊಟ್ಟೆ ಹೊರೆಯಲಿಲ್ಲ. ನಡುವಯಸ್ಸಿನಲ್ಲಿ ಊರಿಗೆ ಮರಳಿ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟ. ಕೆಲವು ವರ್ಷಗಳ ನಂತರ ಅಂಗಡಿಯ ಕೆಲಸದ ಬಿಡುವಿನಲ್ಲಿ ಮತ್ತೆ ಉಳಿ ಹಿಡಿದ.

ಗಿಟಾರಿನ ದನಿ ಎಲ್ಲಿಂದ ಹುಟ್ಟುತ್ತದೆ? ಈ ಪ್ರಶ್ನೆಗೆ ಉತ್ತರ ತೋರಿಸಲು ಟೊರ್ರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದ. ಮೇಲಿನ ಹಲಗೆ ಮಾತ್ರ ಮರದ್ದು. ಬೆನ್ನು ಮತ್ತು ಪಕ್ಕಗಳು ಕಾಗದದ ರಟ್ಟಿನವು! ಗಿಟಾರಿನ ಜೀವ ಮೇಲ್ಹಲಗೆಯಲ್ಲಿದೆ ಎಂಬುದು ಅವನ ವಾದ. ಆ ಕಾಗದದ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಮೇಲ್ಹಲಗೆಯ ದಪ್ಪ ಎರಡೂವರೆ ಮಿಲಿಮೀಟರ್ ಮೀರುವುದು ಅಪರೂಪ. ಆರು ತಂತಿಗಳು ಬಿಗಿದಾಗ ಅದರ ಮೇಲೆ ಬೀಳುವ ಎಳೆತವೋ ಸುಮಾರು 40 ಕಿಲೋ. ದಪ್ಪ ಹೆಚ್ಚಿದರೆ ದನಿ ಸತ್ತುಹೋಗುತ್ತದೆ, ಕಡಿಮೆಯಾದರೆ ಹಲಗೆ ಉಬ್ಬಿ ಒಡೆಯುತ್ತದೆ. ಇದಕ್ಕೆಂದೇ ಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಸಣ್ಣ ಪಟ್ಟಿಗಳನ್ನು ಅಂಟಿಸುತ್ತಾರೆ. ಟೊರ್ರೆಸ್ ಏಳು ಕಡ್ಡಿಗಳ ಬೀಸಣಿಗೆಯನ್ನು ಹದಕ್ಕೆ ತಂದ. ಕೆಲಸದ ಗುಟ್ಟೇನೆಂದು ಒಮ್ಮೆ ಆಪ್ತರು ಕೇಳಿದಾಗ ಅವನು ಹೆಬ್ಬೆರಳು, ತೋರುಬೆರಳುಗಳ ತುದಿಯನ್ನು ತೋರಿಸಿ, ಹಲಗೆಯನ್ನು ಮುಟ್ಟಿ ತಿಳಿಯುವ ಈ ಹದ ತನ್ನೊಡನೆಯೇ ಸಮಾಧಿಗೆ ಹೋಗುತ್ತದೆ ಎಂಬರ್ಥದ ಮಾತು ಹೇಳಿದನಂತೆ. ಅವನ ಸ್ನೇಹಿತನಾಗಿದ್ದ ಪಾದ್ರಿಯೊಬ್ಬರು ಮುಂದೆ ಇದನ್ನು ಬರೆದಿಟ್ಟಿದ್ದಾರೆ.

ಮಾತೇನೋ ನಿಜವೇ. ಬೆರಳ ತುದಿಯ ಜ್ಞಾನವನ್ನು ಕಾಗದದ ಮೇಲೆ ಬರೆಯಲಾಗದು. ಆದರೆ ಮುಂದಿನವರು ಏನು ಮಾಡಬೇಕು? ಪ್ರತಿಯೊಬ್ಬನೂ ಮೊದಲಿನಿಂದ ಹಲಗೆ ಒಡೆದೇ ಕಲಿಯಬೇಕೇ?

ಚಿತ್ರಗಾರನ ಗಿಟಾರ್

ಈ ಪ್ರಶ್ನೆಗೆ ಗ್ರನಾಡಾದಲ್ಲಿ ಉತ್ತರ ದೊರೆತದ್ದು ಒಬ್ಬ ಹವ್ಯಾಸಿಯಿಂದ. ಅವರು ಸ್ಪೇನಿನವರಲ್ಲ, ಬಡಗಿಯೂ ಅಲ್ಲ. ಪ್ಯಾರಿಸ್ಸಿನ ಚಿತ್ರಕಲಾವಿದ ರಾಬರ್ ಬೂಶೆ (1898-1986). ಗಿಟಾರ್ ನುಡಿಸುವ ಚಟವಿದ್ದ ಬೂಶೆ, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಹುಲಿಯಾನ್ ಗೋಮೆಸ್ ರಮಿರೆಸ್ ಎಂಬ ಸ್ಪ್ಯಾನಿಷ್ ಕುಶಲಕರ್ಮಿಯ ಅಂಗಡಿಗೆ ಹೋಗಿ ಕುಳಿತು ಅವರ ಕೆಲಸ ನೋಡುತ್ತಿದ್ದರು. ನೋಡಿದ್ದು ಕಣ್ಣಲ್ಲಿ ಉಳಿದಿತ್ತು. 1946ರಲ್ಲಿ, ನಲವತ್ತೆಂಟರ ಹೊಸ್ತಿಲಲ್ಲಿ, ತಮ್ಮ ಮೊದಲ ಗಿಟಾರ್ ಮಾಡಿಯೇಬಿಟ್ಟರು. ಆಮೇಲೆ ಜೀವಮಾನದಲ್ಲಿ ಅವರು ಮಾಡಿದ ಗಿಟಾರ್‌ಗಳು ನೂರೈವತ್ತರ ಆಸುಪಾಸು. ಇದ ಪ್ರೆಸ್ತಿ, ಅಲೆಗ್ಸಾಂದ್ರ್ ಲಗೋಯಾ, ಜೂಲಿಯನ್ ಬ್ರೀಮ್ ಅವರಂಥ ಹೆಸರಾಂತ ವಾದಕರು ಅವನ್ನು ನುಡಿಸಿದರು.

ಬೂಶೆ ಗುಟ್ಟು ಕಟ್ಟಿಟ್ಟುಕೊಂಡವರಲ್ಲ. ಪ್ರತಿ ಹಂತವನ್ನೂ ಚಿತ್ರ ಸಮೇತ ನೋಟ್ ಪುಸ್ತಕದಲ್ಲಿ ಬರೆದಿಟ್ಟರು. ಪ್ಯಾರಿಸ್ಸಿನಲ್ಲಿ ಮರಗೆಲಸ ಬಲ್ಲ ದಾನಿಯೆಲ್ ಫ್ರೆದೆರಿಕ್ ಎಂಬ ತರುಣ ತನಗಾಗಿ ಗಿಟಾರ್ ಮಾಡಿಕೊಳ್ಳಲು ಹೊರಟಾಗ ಅವನಿಗೆ ಸಲಹೆ ಕೊಟ್ಟವರೂ ಅವರೇ. ಆ ತರುಣನೇ ಮುಂದೆ ಶತಮಾನದ ಶ್ರೇಷ್ಠ ಗಿಟಾರ್ ತಯಾರಕರಲ್ಲಿ ಒಬ್ಬನಾದ.

1977ರಲ್ಲಿ ಬೂಶೆಗೆ ಎಪ್ಪತ್ತೊಂಬತ್ತು. ಆ ವಯಸ್ಸಿನಲ್ಲಿ ಅವರು ಗ್ರನಾಡಾಕ್ಕೆ ಬಂದರು. ಎದ್ವಾರ್ದೊ ಫೆರೆರ್ ಅವರ ಬಳಿ ಪಳಗಿ, ಸ್ವಂತ ಕಾರ್ಯಾಗಾರ ನಡೆಸುತ್ತಿದ್ದ ಆಂಟೋನಿಯೊ ಮರೀನ್ ಮೊಂಟೆರೊ ಅವರ ಜೊತೆ ಕುಳಿತು ಗಿಟಾರ್ ಮಾಡಿದರು. 1979ರಲ್ಲಿ ಮತ್ತೊಮ್ಮೆ ಬಂದರು. ಬೂಶೆ ಅವರ ವಿಧಾನದಲ್ಲಿ ಬೀಸಣಿಗೆ ಕಡ್ಡಿಗಳ ಜೊತೆಗೆ ಇನ್ನೊಂದು ಪಟ್ಟಿ ಅಡ್ಡಲಾಗಿ, ಸರಿಯಾಗಿ ಕುದುರೆಯ ಕೆಳಗೆ ಹಾಯುತ್ತದೆ. (ವೀಣೆಯಲ್ಲಿ ತಂತಿ ಕೂರುವ ಕುದುರೆ ಇದೆಯಲ್ಲ, ಗಿಟಾರಿನಲ್ಲೂ ಅದರ ಕೆಲಸ ಅದೇ.) ಮರೀನ್ ಆ ವಿಧಾನವನ್ನು ಕಲಿತು ತಮ್ಮದನ್ನಾಗಿ ಮಾಡಿಕೊಂಡರು, ಅವರ ಗಿಟಾರ್‌ಗಳ ದನಿ ಹೊಸ ದಾರಿ ಹಿಡಿಯಿತು. ಅವರಿಂದ ಅದು ಅವರ ಸೋದರಳಿಯಂದಿರಿಗೆ, ಅಲ್ಲಿಂದ ಓಣಿಯ ಇತರರಿಗೆ ಹರಡಿತು.

ಇಲ್ಲೊಂದು ಮಾತು ಗಮನಿಸಬೇಕು. ಮರೀನ್ ವೃತ್ತಿನಿರತರು, ಚಿಕ್ಕಂದಿನಿಂದ ಮರದೊಡನೆ ಬೆಳೆದವರು. ಬೂಶೆ ಕುಂಚ ಹಿಡಿದ ಕೈಯಲ್ಲೇ ಉಳಿ ಹಿಡಿದವರು. ‘ಹವ್ಯಾಸಿಯಿಂದ ನಾನೇನು ಕಲಿಯುವುದು?’ ಎಂದು ಒಬ್ಬರು ಅಂದುಕೊಳ್ಳಬಹುದಿತ್ತು. ‘ಕಷ್ಟಪಟ್ಟು ಕಂಡುಕೊಂಡದ್ದನ್ನು ಯಾಕೆ ಕೊಡಲಿ?’ ಎಂದು ಇನ್ನೊಬ್ಬರು. ಇಬ್ಬರೂ ಹಾಗೆ ಅಂದುಕೊಳ್ಳದ್ದರಿಂದಲೇ ಒಂದು ವಿದ್ಯೆ ಉಳಿಯಿತು.

ಟೊರ್ರೆಸ್ ತನ್ನೊಡನೆ ಒಯ್ದೆ ಎಂದುಕೊಂಡದ್ದೂ ಪೂರ್ತಿ ಸಮಾಧಿ ಸೇರಲಿಲ್ಲ. ಸ್ಪೇನಿನಿಂದ 1956ರಲ್ಲಿ ಇಂಗ್ಲೆಂಡಿಗೆ ಹೋದ ಹೊಸೆ ರೊಮಾನಿಲ್ಯೋಸ್ ಎಂಬ ಬಡಗಿ, ಗುರುವಿಲ್ಲದೆ ಗಿಟಾರ್ ಮಾಡಲು ಕಲಿತರು. ಉಳಿದಿದ್ದ ಟೊರ್ರೆಸ್ ಗಿಟಾರ್‌ಗಳನ್ನು ಒಂದೊಂದಾಗಿ ಹುಡುಕಿ, ಅಳೆದು, 1987ರಲ್ಲಿ ಪುಸ್ತಕ ಮಾಡಿ ಎಲ್ಲರ ಮುಂದಿಟ್ಟರು. ಇಂದು ಯಾವ ಊರಿನ ವಿದ್ಯಾರ್ಥಿಯಾದರೂ ಆ ಅಳತೆ ಹಿಡಿದು ಕೆಲಸಕ್ಕೆ ಕೂರಬಹುದು.

ಲೆಕ್ಕವೂ ಬೇಕು, ತಾಳ್ಮೆಯೂ ಬೇಕು

ಗ್ರನಾಡಾಕ್ಕೆ ಈಗ ದೂರದೂರದ ಹವ್ಯಾಸಿಗಳು ಬರುತ್ತಾರೆ. ಕಲಿಯಲು ಬಂದ ಕೆಲವು ವಿದೇಶೀಯರು ಇಲ್ಲೇ ನೆಲೆಸಿ ಅಂಗಡಿ ತೆರೆದದ್ದೂ ಉಂಟು. ಅವರು ಮೊದಲು ಕಲಿಯುವ ಪಾಠ ಬಾಯಿಪಾಠದ ಲೆಕ್ಕ.

ಗಿಟಾರಿನ ತಂತಿಯ ಮಿಡಿಯುವ ಉದ್ದ ಸಾಮಾನ್ಯವಾಗಿ 650 ಮಿಲಿಮೀಟರ್. ಅದರ ಕತ್ತಿನ ಮೇಲೆ ವೀಣೆಯ ಮೆಟ್ಟಿಲುಗಳಂತೆ ಲೋಹದ ಫ್ರೆಟ್‌ಗಳಿವೆ. ಒಂದು ಸಪ್ತಕದಲ್ಲಿ ಹನ್ನೆರಡು ಸಮಾನ ಸ್ವರಾಂತರಗಳು. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿ ಸರಿಯಾಗಿ ಅರ್ಧವಾಗಬೇಕು. ಹಾಗಾಗಲು ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ ಮುಂದಿನ ಫ್ರೆಟ್ ಇಡಬೇಕು. ಮೊದಲ ಫ್ರೆಟ್ 36.48 ಮಿಲಿಮೀಟರ್ ದೂರದಲ್ಲಿ ಬರುತ್ತದೆ. ಹಿಂದಿನವರು ಸುಲಭಕ್ಕೆಂದು 18ರಿಂದ ಭಾಗಿಸುತ್ತಿದ್ದರು. ಸಣ್ಣ ವ್ಯತ್ಯಾಸ ಎನಿಸುತ್ತದೆ. ಆದರೆ ಹನ್ನೆರಡು ಸಲ ಹಾಗೆ ಮಾಡಿದರೆ ಉಳಿಯುವ ಉದ್ದ 325ರ ಬದಲು ಸುಮಾರು 327.4 ಮಿಲಿಮೀಟರ್! ಶಾಲೆಯಲ್ಲಿ ‘ಈ ಘಾತ, ಮೂಲಗಳೆಲ್ಲ ಯಾತಕ್ಕೆ?’ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಇಂಪಾದ ಉತ್ತರ ಬೇಕೆ?

ಲೆಕ್ಕ ಮುಗಿದ ಮೇಲೆ ತಾಳ್ಮೆಯ ಪಾಠ. ಪಕ್ಕದ ಪಟ್ಟಿ ಎರಡು ಮಿಲಿಮೀಟರ್ ದಪ್ಪದ್ದು. ನೀರಿನಲ್ಲಿ ಒದ್ದೆ ಮಾಡಿ ಕಾದ ಕೊಳವೆಯ ಮೇಲೆ ಒತ್ತಿ ಬಾಗಿಸಬೇಕು. ಹೊಸಬರ ಕೈಯಲ್ಲಿ ಸೊಂಟದ ತಿರುವಿನಲ್ಲೇ ಅದು ಚಟ್ಟೆಂದು ಮುರಿಯುತ್ತದೆ. ಬಲ್ಲವರು ಕೊಡುವ ಸಲಹೆ ಒಂದೇ: ಬಲ ಹಾಕಬೇಡ, ಶಾಖಕ್ಕೆ ಮರ ತಾನೇ ಸಡಿಲಾಗುವವರೆಗೆ ಕಾಯಿ. ಮಳೆ ಬಂದು ಗಾಳಿಯಲ್ಲಿ ತೇವವಿರುವ ದಿನ ಕಡ್ಡಿ ಅಂಟಿಸಬೇಡ. ಆ ಹೊತ್ತು ಮರ ಹಿಗ್ಗಿರುತ್ತದೆ, ಬೇಸಗೆಯಲ್ಲಿ ಕುಗ್ಗಿದಾಗ ಬಿರಿಯುತ್ತದೆ. ಉಜ್ಜುಗೊರಡಿನ ಅಲಗನ್ನು ಕೆಲಸಕ್ಕೆ ಮೊದಲು ಹರಿತ ಮಾಡು, ಕೆಟ್ಟ ಮೇಲೆ ಅಲ್ಲ. ಹಲಗೆಯನ್ನು ತೆಳುವಾಗಿಸುವಾಗ ಆಗಾಗ ಬೆರಳಿನಿಂದ ತಟ್ಟಿ ಕೇಳು. ತೆಗೆದದ್ದನ್ನು ಮತ್ತೆ ಹಾಕಲಾಗದು.

ಇವೆಲ್ಲ ಯಾರೋ ಒಬ್ಬರ ಹಲಗೆ ಒಡೆದು ಬಂದ ಮಾತುಗಳು. ತನ್ನ ತಪ್ಪನ್ನು ಇನ್ನೊಬ್ಬರಿಗೆ ನಾಚದೆ ಹೇಳುವುದೇ ಈ ಬಳಗದ ದೊಡ್ಡ ಕೊಡುಗೆ.

ಮಲೆನಾಡಿನ ಮರ, ಅಲ್ಹಾಂಬ್ರಾದ ಸ್ವರ

ಗ್ರನಾಡಾದ ಕಾರ್ಯಾಗಾರದ ಮೂಲೆಯಲ್ಲಿ ಜೋಡಿಸಿಟ್ಟ ಹಲಗೆಗಳನ್ನು ಕನ್ನಡಿಗರು ನೋಡಿದರೆ ಒಂದು ಕ್ಷಣ ನಿಲ್ಲಬಹುದು. ಬಿಳಿಯದು ಯುರೋಪಿನ ಪರ್ವತಗಳ ಸ್ಪ್ರೂಸ್, ಅದು ಮೇಲ್ಹಲಗೆಗೆ. ಹಳದಿ ಛಾಯೆಯದು ಸ್ಪೇನಿನ ಸೈಪ್ರೆಸ್, ಫ್ಲಾಮೆಂಕೊ ಗಿಟಾರಿನ ಬೆನ್ನಿಗೆ. ಮತ್ತೆ ಆ ಕಡುಗಂದು, ನೇರಳೆ ಗೆರೆಯ ಮರ? ಅದು ನಮ್ಮ ಬೀಟೆ! ಮೈಸೂರಿನ ಕುಸುರಿ ಚಿತ್ರಗಳ ಹಿನ್ನೆಲೆಯಾಗುವ, ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳಾದ ಅದೇ ಬೀಟೆ. ಗಿಟಾರ್ ಲೋಕ ಮೊದಲು ಬ್ರೆಜಿಲ್ ದೇಶದ ಬೀಟೆಯನ್ನು ನೆಚ್ಚಿತ್ತು. ಆ ಕಾಡು ಬರಿದಾಗುತ್ತ ಬಂದು, 1960ರ ದಶಕದ ಕೊನೆಗೆ ಅಲ್ಲಿನ ದಿಮ್ಮಿಗಳು ಸಿಗುವುದು ಕಷ್ಟವಾದಾಗ ಎಲ್ಲರೂ ಭಾರತದ ಬೀಟೆಯತ್ತ ತಿರುಗಿದರು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿಯಂತ್ರಣ ಪಟ್ಟಿಗೆ ಸೇರಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ನಮ್ಮ ಪಶ್ಚಿಮಘಟ್ಟದ ಬೀಟೆಯೂ ಈಗ ಅಪಾಯದಲ್ಲಿರುವ ಮರಗಳ ಸಾಲಿನಲ್ಲಿದೆ.

ಇನ್ನೊಂದು ನಂಟೂ ಇದೆ. ಗಿಟಾರಿಗೆ ಕೊನೆಯಲ್ಲಿ ಹೊಳಪು ಕೊಡುವುದು ಅರಗಿನಿಂದ. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವ ಅರಗೇ ಅದು. ಭಾರತ ಅದರ ದೊಡ್ಡ ತವರು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ, ಸುತ್ತು ಸುತ್ತಾಗಿ, ದಿನಗಟ್ಟಲೆ ಉಜ್ಜುತ್ತಾರೆ. ಸೋರುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಹೀಗೆ ಮಾಡಿದ ಗಿಟಾರ್‌ಗಳು ಒಬ್ಬರ ಕೈಯಲ್ಲಿ ವರ್ಷಕ್ಕೆ ಹತ್ತೋ ಇಪ್ಪತ್ತೋ ಹುಟ್ಟುತ್ತವೆ, ಅಷ್ಟೆ.

ಗ್ರನಾಡಾಕ್ಕೆ ಹೋಗುವುದು ಕಷ್ಟವಲ್ಲ. ರಾಜಧಾನಿ ಮ್ಯಾಡ್ರಿಡ್‌ನಿಂದ ರಸ್ತೆಯಲ್ಲಿ ಸುಮಾರು 420 ಕಿಲೋಮೀಟರ್. 2019ರಿಂದ ವೇಗದ ರೈಲೂ ಇದೆ. ಅಲ್ಹಾಂಬ್ರಾ ನೋಡಲು ಟಿಕೆಟ್ ಮುಂಚಿತವಾಗಿಯೇ ಕಾಯ್ದಿರಿಸಬೇಕು. ಬೇಸಗೆಯ ಬಿಸಿಲು ಕಟು, ವಸಂತಕಾಲ ಹಿತ.

ಎಲ್ಲರಿಗೂ ಅಲ್ಲಿಗೆ ಹೋಗಲಾಗದು ನಿಜ. ಆದರೆ ಕ್ವೆಸ್ಟಾ ದೆ ಗೊಮೆರೆಸ್‌ನ ಪಾಠಕ್ಕೆ ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ರಜೆಯಲ್ಲಿ ಮಗ ರೇಡಿಯೋ ಬಿಚ್ಚಿ ಹರಡಿದಾಗ, ಮಗಳು ಮರದ ತುಂಡೊಂದನ್ನು ಉಜ್ಜುತ್ತ ಕುಳಿತಾಗ ‘ಓದು ಬಿಟ್ಟು ಇದೇನು?’ ಎಂದು ಗದರುವ ಮುನ್ನ ಹೆತ್ತವರು ಆ ಚಿತ್ರಗಾರನನ್ನು ನೆನೆಯಬಹುದು. ಮಕ್ಕಳೂ ಅಷ್ಟೆ, ಬೀದಿ ಕೊನೆಯ ಬಡಗಿಯ ಅಂಗಡಿಯ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತು ನೋಡಬಹುದು. ಬೂಶೆ ಶುರುಮಾಡಿದ್ದೂ ಹಾಗೆಯೇ, ನಿಂತು ನೋಡುವುದರಿಂದ.