ಹಳೆಯ ಟ್ರ್ಯಾಕ್ಟರಿನ ಸ್ಟಿಯರಿಂಗು

ಚೈತ್ರಮಾಸದಲ್ಲಿ ಹಂಪೆಯ ವಿರೂಪಾಕ್ಷಸ್ವಾಮಿಯ ರಥೋತ್ಸವವನ್ನು ನಮ್ಮ ಸೀಮೆಯ ಗೃಹಸ್ಥರಲ್ಲಿ ಬಹುಮಂದಿ ಕಂಡಿರುವರು. ರಥಕ್ಕೆ ಸ್ಟಿಯರಿಂಗಿಲ್ಲ, ಗಾಲಿಯಡಿಗೆ ಮರದ ತುಂಡನ್ನು ಕೊಟ್ಟು ಅದನ್ನು ತಿರುಗಿಸುವರು. ಟ್ರ್ಯಾಕ್ಟರಿನಲ್ಲಾದರೋ ಮುಂದಿನ ಒಂದೊಂದು ಗಾಲಿಯೂ ತನ್ನ ಕಿಂಗ್‌ಪಿನ್ನಿನ ಮೇಲೆ ಹೊರಳುವುದು. ಈ ಬಗೆಯ ಏರ್ಪಾಡಿಗೆ 1818ರಲ್ಲಿಯೇ ಅಕರ್‌ಮನ್ ಎಂಬವರು ಕುದುರೆಗಾಡಿಗಳಿಗಾಗಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದರು. ಕೈಗೂ ಗಾಲಿಗೂ ನಡುವೆ ಹಲವು ಕೀಲುಗಳಿರುವುದರಿಂದ, ಒಂದೊಂದೂ ಕಿಂಚಿತ್ ಸವೆದರೂ ಕೈಯಲ್ಲಿ ಅದೆಲ್ಲವೂ ಕೂಡಿ ದೊಡ್ಡ ಸಡಿಲಾಗಿ ತೋರುವುದು.

ಕಂಪ್ಲಿಯ ಕೆಸರುಗದ್ದೆಗಳಲ್ಲಿ ಬಹುವರ್ಷ ದುಡಿದ ನಮ್ಮ ಟ್ರ್ಯಾಕ್ಟರಿಗೆ ಈ ವ್ಯಾಧಿಯು ತಗುಲಿತು. ಭತ್ತ ಹೇರಿಕೊಂಡು ಹೊಸಪೇಟೆಯ ಕಡೆಗೆ ಹೋಗುವಾಗ ಅದು ಅತ್ತಿತ್ತ ಓಲಾಡುತ್ತ, ಎಡಕ್ಕೆ, ಎಂದರೆ ಕಾಲುವೆಯ ಕಡೆಗೇ ಎಳೆಯತೊಡಗಿತು. ಒಬ್ಬ ಮೆಕ್ಯಾನಿಕನು ಸ್ಟಿಯರಿಂಗ್ ಬಾಕ್ಸನ್ನೇ ಬದಲಿಸಬೇಕೆಂದನು. ಬೆಲೆಯನ್ನು ಕೇಳಿದ ಅತ್ತಿಗೆಯವರು ಮಾತನಾಡದೆ ತಮ್ಮ ಕೈಬಳೆಗಳನ್ನು ನೋಡಿಕೊಂಡರು. “ಮೊದಲು ರೋಗ ಯಾವುದೆಂದು ತಿಳಿಯೋಣ, ಆಮೇಲೆ ಔಷಧ” ಎಂದು ಅಣ್ಣನವರು ಹೇಳಿದರು.

ಪರೀಕ್ಷೆಯು ನೆಲದಿಂದ ಮೇಲಕ್ಕೆ ನಡೆಯಬೇಕು. ಮೊದಲು ಟೈರುಗಳ ಗಾಳಿಯನ್ನು ಅಳೆದೆವು; ಎಡಗಡೆಯದರಲ್ಲಿ ಕಡಮೆಯಿತ್ತು. ಗಾಳಿ ಕಡಮೆಯಾದ ಕಡೆಗೆ ಬಂಡಿಯು ಎಳೆಯುವುದು ಸಹಜ. ಗಾಳಿ ತುಂಬಿಸಿದ ಮೇಲೆ ಎಳೆತವು ನಿಂತಿತು, ಓಲಾಟವು ನಿಲ್ಲಲಿಲ್ಲ.

ಬಳಿಕ ಇಂಜಿನನ್ನು ನಿಲ್ಲಿಸಿ, ಅಣ್ಣನವರು ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಅಲುಗಿಸಿದರು; ನಾವು ಕೆಳಗೆ ಕುಳಿತು ನೋಡಿದೆವು. ಕೈಚಕ್ರವು ಅಲುಗಿದರೂ ಬಾಕ್ಸಿನಿಂದ ಹೊರಟ ತೋಳು ಅಲುಗದಿದ್ದರೆ ದೋಷವು ಬಾಕ್ಸಿನಲ್ಲಿ. ತೋಳು ಅಲುಗಿ ರಾಡು ಅಲುಗದಿದ್ದರೆ ಅವೆರಡರ ನಡುವಣ ಬಾಲ್ ಜಾಯಿಂಟಿನಲ್ಲಿ. ನಮ್ಮಲ್ಲಿ ಇವೆಲ್ಲವೂ ಒಡನೊಡನೆಯೇ ಚಲಿಸಿದವು.

ಕಡೆಗೆ ಮುಂದಿನ ಆಕ್ಸಲನ್ನು ಜಾಕಿನಿಂದೆತ್ತಿ, ಕೆಳಗೆ ಭದ್ರವಾದ ಮರದ ದಿಮ್ಮಿಗಳನ್ನು ಕೊಟ್ಟು, ಗಾಲಿಯ ಮೇಲಂಚು ಕೆಳಂಚುಗಳನ್ನು ಹಿಡಿದು ಅಲ್ಲಾಡಿಸಿದೆವು. ಗಾಲಿಯೊಂದೇ ಅಲ್ಲಾಡಿದರೆ ಬೇರಿಂಗು ಸಡಿಲ; ಗಾಲಿಯನ್ನು ಹೊತ್ತ ಗೂಟವೂ ಜೊತೆಗೇ ಅಲ್ಲಾಡಿದರೆ ಕಿಂಗ್‌ಪಿನ್ನಿನ ಬುಶ್ ಸವೆದಿರುವುದು. ನಮ್ಮದು ಎರಡನೆಯದೇ. ಬಿಚ್ಚಿ ನೋಡಲು ಗ್ರೀಸಿದ್ದ ಸ್ಥಳದಲ್ಲಿ ಕೆಸರು ತುಂಬಿತ್ತು. ಬುಶ್‌ಗಳನ್ನು ಬದಲಿಸಿ ಗ್ರೀಸ್ ತುಂಬಿಸುವುದರೊಳಗಾಗಿ ಕಾರ್ಯವು ಮುಗಿಯಿತು. ಬಳೆಗಳು ಅತ್ತಿಗೆಯವರ ಕೈಯಲ್ಲಿಯೇ ಉಳಿದವು.

ಗೃಹಸ್ಥರು ಎರಡು ಮಾತುಗಳನ್ನು ಮರೆಯಬಾರದು. ಕೆಸರಿನ ಕೆಲಸ ಮುಗಿದೊಡನೆ, ಹಳೆಯ ಕೆಸರು ಹೊರಬೀಳುವವರೆಗೂ ಗ್ರೀಸನ್ನು ಒತ್ತತಕ್ಕದ್ದು. ಸ್ಟಿಯರಿಂಗು ಸಡಿಲಾದ ಬಂಡಿಯನ್ನು, ಸುಗ್ಗಿಯ ಅವಸರವೆಷ್ಟೇ ಇರಲಿ, ರಸ್ತೆಗಿಳಿಸಕೂಡದು. ಭತ್ತವು ಒಂದು ದಿನ ಕಾಯಬಲ್ಲುದು. ಕಾಲುವೆಗೆ ಬಿದ್ದವರ ಮನೆಯವರು ಜನ್ಮವೆಲ್ಲ ಕಾಯಬೇಕಾದೀತು.