ಯಾರದೂ ಅಲ್ಲದ ಕೀಲು

ಎರಡೂ ಕಿವಿಗಳ ಮುಂದೆ, ಕೆನ್ನೆ ಶುರುವಾಗುವ ಜಾಗದಲ್ಲಿ ಒಂದೊಂದು ಬೆರಳಿಟ್ಟು ನಿಧಾನಕ್ಕೆ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಅಡಿಯಲ್ಲಿ ಏನೋ ಒಂದು ಮೊದಲು ಹೊರಳಿ, ಆಮೇಲೆ ಮುಂದಕ್ಕೆ ಜಾರುವುದು ಗೊತ್ತಾಗುತ್ತದೆ. ಅದೇ ದವಡೆಯ ಕೀಲು. ಮಾತಾಡುವಾಗ, ಅಗಿಯುವಾಗ, ಆಕಳಿಸುವಾಗ, ಕಡೆಗೆ ಎಂಜಲು ನುಂಗುವಾಗಲೂ ಅದಕ್ಕೆ ಕೆಲಸವಿದೆ. ಆದರೂ ಅದು ಕೆಡುವವರೆಗೆ ಹಾಗೊಂದು ಕೀಲು ಇದೆ ಅಂತ ನಮಗೆ ನೆನಪಾಗುವುದಿಲ್ಲ.

ನನ್ನ ಸಂಶೋಧನೆ ಬೀಸುವ ಪದಗಳ ಬಗ್ಗೆ. ಹಾಗಾಗಿ ಈ ಕೀಲನ್ನು ಅರ್ಥ ಮಾಡಿಕೊಳ್ಳಲು ಹೊರಟಾಗ ಮೊದಲು ಹೊಳೆದದ್ದು ಬೀಸುವ ಕಲ್ಲು. ಆದರೆ ಹೋಲಿಕೆ ಅರ್ಧಕ್ಕೇ ನಿಂತಿತು. ಬೀಸುವ ಕಲ್ಲು ನಡುವಿನ ಒಂದು ಗೂಟದ ಮೇಲೆ ತಿರುಗುತ್ತದೆ. ಕೆಳದವಡೆಗೆ ಆ ಸುಖವಿಲ್ಲ. ಅದು ಒಂದೇ ಮೂಳೆ, ಕೀಲು ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು. ಒಂದು ಬಿಟ್ಟು ಇನ್ನೊಂದು ಅಲುಗಾಡುವಂತಿಲ್ಲ. ಬಾಯಿ ತೆರೆಯುವಾಗ ಮೊದಲ ಭಾಗದಲ್ಲಿ ದವಡೆ ಬಾಗಿಲಿನ ಹಾಗೆ ತಿರುಗುತ್ತದೆ. ಇನ್ನೂ ಅಗಲಕ್ಕೆ ತೆರೆದಾಗ ಮೂಳೆಯ ತುದಿ ತನ್ನ ಗುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಒಂದು ತೆಳು ಬಿಲ್ಲೆ ಇರುತ್ತದೆ. ಅದೂ ಜೊತೆಜೊತೆಗೇ ಜಾರಬೇಕು. ಬಿಲ್ಲೆ ಜಾಗ ತಪ್ಪಿ ಮತ್ತೆ ಕೂತಾಗ ಬರುವ ಸದ್ದೇ ಆ 'ಟಕ್'. ನೋವಿಲ್ಲದ ಬರೀ 'ಟಕ್' ಎಷ್ಟೋ ಜನರಿಗೆ ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಬೇಕಿಲ್ಲ.

ನನ್ನ ಎಡಗಡೆಯ 'ಟಕ್' ಹಲವು ತಿಂಗಳು ಇದ್ದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದೇ ಬೆಳಿಗ್ಗೆಯಿಂದ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯತೊಡಗಿತು. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ಒಟ್ಟಿಗೆ ಹಿಡಿಸಬೇಕು, ಸುಮಾರು 40 ಮಿಲಿಮೀಟರ್. ಧಾರವಾಡದ ಹಾಸ್ಟೆಲ್ ಮೆಸ್ಸಿನಲ್ಲಿ ಕಟಕ್ ರೊಟ್ಟಿ ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. ನಾನು ಅನ್ನ ಕಲಸಿಕೊಂಡು ಚಮಚದ ತುದಿಯಲ್ಲಿ ಒಳಗೆ ತಳ್ಳುತ್ತಿದ್ದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಎರಡೂ ಇದ್ದು ಬಾಗಿಲೇ ತೆರೆಯದ ಮೂರನೆಯ ಸ್ಥಿತಿಯೊಂದಿದೆ, ಅದಕ್ಕೆ ಗಾದೆ ಇದ್ದಂತಿಲ್ಲ.

ನೋವು ಕಿವಿಯೊಳಗೇ ಇದ್ದಂತೆ ಅನಿಸುತ್ತಿದ್ದರಿಂದ ಮೊದಲು ಹೋದದ್ದು ಕಿವಿಯ ವೈದ್ಯರ ಬಳಿ. ಕಿವಿ ಶುಭ್ರವಾಗಿತ್ತು. ಅಲ್ಲಿಂದ ಒಂದು ಹಲ್ಲಿನ ಕ್ಲಿನಿಕ್. ಅಲ್ಲಿ ಎಡಗಡೆಯ ಬುದ್ಧಿಹಲ್ಲು ಕಿತ್ತು, ಒಂದೆರಡು ಹಲ್ಲುಗಳನ್ನು ಸ್ವಲ್ಪ ಉಜ್ಜಿ ಕಚ್ಚುವ ಮಟ್ಟ ಸರಿಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದರು. ಹಲ್ಲು ಉಜ್ಜಿದ ಮೇಲೆ ಮತ್ತೆ ಬೆಳೆಯುವುದಿಲ್ಲವಲ್ಲ ಎಂಬ ಹೆದರಿಕೆಗೆ ಇನ್ನೊಬ್ಬರನ್ನು ಕೇಳೋಣ ಅನಿಸಿತು.

ಆ ಇನ್ನೊಬ್ಬರು ಬಾಯಿ ನೋಡುವ ಮೊದಲು ನಿದ್ದೆಯ ಬಗ್ಗೆ ಕೇಳಿದರು. ಪ್ರಬಂಧ ಯಾವಾಗ ಸಲ್ಲಿಸಬೇಕು, ರಾತ್ರಿ ಹಲ್ಲು ಕಡಿಯುವ ಸದ್ದು ರೂಮಿನವರು ಕೇಳಿದ್ದಾರಾ, ಬೆಳಿಗ್ಗೆ ಎದ್ದಾಗ ಕಣತಲೆ ನೋಯುತ್ತದಾ ಎಂದೆಲ್ಲ ವಿಚಾರಿಸಿದರು. ಇದು ಬರೀ ಕುಶಲ ಪ್ರಶ್ನೆಯಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ದವಡೆಯ ಕೀಲಿನ ತೊಂದರೆಗಳನ್ನು ಗುರುತಿಸಲು 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಎರಡು ಅಕ್ಷಗಳಿವೆ. ಒಂದು ಕೀಲು ಮತ್ತು ಸ್ನಾಯುವಿನದು. ಇನ್ನೊಂದು ಆತಂಕ, ಖಿನ್ನತೆ, ನೋವು ದಿನದ ಬದುಕನ್ನು ಎಷ್ಟು ಕಟ್ಟಿಹಾಕಿದೆ ಎಂಬುದರದು. ಎರಡನ್ನೂ ನೋಡದೆ ಪರೀಕ್ಷೆ ಪೂರ್ತಿಯಾಗುವುದಿಲ್ಲ.

ಆಮೇಲೆ ಒಂದೊಂದೇ ಹಲ್ಲು ತಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಬುದ್ಧಿಹಲ್ಲಿನಲ್ಲಿ ಕೀವಿಲ್ಲ, ಹುಳುಕಿಲ್ಲ. ಸ್ಕೇಲು ಹಿಡಿದು ಬಾಯಿ ಅಳೆದರು, 26 ಮಿಲಿಮೀಟರ್. ತೆರೆಯುವಾಗ ಗದ್ದ ಎಡಕ್ಕೆ ವಾಲುತ್ತಿತ್ತು. ಬಿಲ್ಲೆ ಮುಂದೆ ಜಾರಿ ವಾಪಸು ಬರದೆ ನಿಂತಿರಬೇಕು, ಜೊತೆಗೆ ಸ್ನಾಯುಗಳೂ ಬಿಗಿದುಕೊಂಡಿವೆ ಎಂದು ವಿವರಿಸಿ, ನಕ್ಕು ಹೇಳಿದರು: "ಇದರಾಗ ನಂದು ಅರ್ಧಾ ಕೆಲಸ ಅಷ್ಟ. ಉಳಿದದ್ದು ಫಿಸಿಯೋಥೆರಪಿಯವರದು." ಒಂದು ಪುಟದ ಪತ್ರ ಬರೆದು ಕೊಟ್ಟರು. ಮುಂದಿನ ಮೂರು ತಿಂಗಳು ಆ ಫೈಲು ಹಿಡಿದುಕೊಂಡು ಎರಡು ಕಟ್ಟಡಗಳ ನಡುವೆ ಓಡಾಡಿದೆ.

ಫಿಸಿಯೋಥೆರಪಿಸ್ಟ್ ಪತ್ರ ಓದಿ ಕೇಳಿದ ಮೊದಲ ಪ್ರಶ್ನೆ: "ಮೇಡಂ, ದಿನಾ ಎಷ್ಟು ತಾಸು ಲ್ಯಾಪ್‌ಟಾಪ್ ಮುಂದ ಕೂಡ್ತೀರಿ?"

ಹೆಡ್‌ಫೋನ್ ಹಾಕಿಕೊಂಡು ಧ್ವನಿಮುದ್ರಣಗಳನ್ನು ಅಕ್ಷರಕ್ಕಿಳಿಸುವುದೇ ನನ್ನ ಕೆಲಸ. ಎಂಟು ಒಂಬತ್ತು ತಾಸು ಎಂದೆ.

"ಹಂಗಾರ ದವಡಿ ಆಮ್ಯಾಲ ನೋಡೋಣ. ಮೊದಲ ಕುತ್ತಿಗಿ ತೋರಸ್ರಿ."

ದವಡೆ ನೋವಿಗೂ ಕುತ್ತಿಗೆಗೂ ಏನು ಸಂಬಂಧ? ಅವರು ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮುಖದ ನೋವನ್ನು ಒಯ್ಯುವ ಟ್ರೈಜೆಮಿನಲ್ ನರದ ಎಳೆಗಳೂ ಕುತ್ತಿಗೆಯ ಮೇಲ್ಭಾಗದ ಮೂರು ನರಗಳ ಎಳೆಗಳೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಸುದ್ದಿ ಎಲ್ಲಿಂದ ಬಂತು ಎಂದು ಮಿದುಳಿಗೆ ಸರಿಯಾಗಿ ಗೊತ್ತಾಗದೆ, ಕುತ್ತಿಗೆಯ ನೋವು ಕೆನ್ನೆಯಲ್ಲೂ ಕಣತಲೆಯಲ್ಲೂ ಕಾಣಿಸಿಕೊಳ್ಳಬಹುದು. ದಿನವಿಡೀ ತಲೆ ಮುಂದೆ ಚಾಚಿ ಕೂತರೆ ಕುತ್ತಿಗೆಯ ಸ್ನಾಯುಗಳ ಜೊತೆ ದವಡೆಯ ಸ್ನಾಯುಗಳಿಗೂ ವಿಶ್ರಾಂತಿ ಇರುವುದಿಲ್ಲ.

ಆಮೇಲೆ ಕೈಗವಸು ಹಾಕಿ, ಹೆಬ್ಬೆರಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು, ಕೀಲನ್ನು ನಿಧಾನಕ್ಕೆ ಕೆಳಗೆ, ಮುಂದಕ್ಕೆ ಎಳೆದರು. ಕೆನ್ನೆಯ ಒಳಗಿನಿಂದ ಸ್ನಾಯುವಿನ ಗಂಟುಗಳನ್ನು ಒತ್ತಿ ಹಿಡಿದರು. ಮೊದಲ ದಿನ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಮಾಡಲು ಕೊಟ್ಟ ಪಾಠ ಮಾತ್ರ ತೀರಾ ಸರಳ. "ನಾಲಿಗಿ 'ನ' ಅನ್ನೂ ಜಾಗಾದಾಗ ಇಡ್ರಿ. ತುಟಿ ಮುಚ್ಚರಿ. ಹಲ್ಲಿಗೆ ಹಲ್ಲು ತಾಗಬಾರದು." ದವಡೆಯ ವಿಶ್ರಾಂತಿಯ ಭಂಗಿ ಅದೇ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಬೇಕಾಗಿಯೇ ಇಲ್ಲ. ಹಲ್ಲು ಕಚ್ಚಿ ಸಹಿಸಿಕೋ ಎಂದು ಹೇಳಿಕೊಟ್ಟ ಭಾಷೆಯಲ್ಲಿ ಬೆಳೆದ ನನಗೆ ಇದು ನಿಜಕ್ಕೂ ಹೊಸ ವಿಷಯ. ನಾಲಿಗೆಯನ್ನು 'ನ'ಕಾರದಲ್ಲಿಟ್ಟು ಅದೇ ಭಂಗಿಯಲ್ಲಿ ಬಾಯಿ ತೆರೆದು ಮುಚ್ಚುವ ವ್ಯಾಯಾಮವನ್ನು ದಿನಕ್ಕೆ ಹಲವು ಸಲ ಮಾಡಬೇಕಿತ್ತು. ಲೈಬ್ರರಿಯಲ್ಲಿ ಪಕ್ಕದವರು ಒಂದು ಥರಾ ನೋಡುತ್ತಿದ್ದರು.

ಈ ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿ ಸುಮ್ಮನಿದ್ದಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ. ನಾನು ಕಂಡದ್ದು ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದನ್ನು. ರಾತ್ರಿ ಹಾಕಿಕೊಳ್ಳಲು ದಂತವೈದ್ಯರು ಗಟ್ಟಿ ಅಕ್ರಿಲಿಕ್‌ನ ಸ್ಪ್ಲಿಂಟ್ ಮಾಡಿಕೊಟ್ಟರು. ಇದು ನೋವಿನ ಮದ್ದಲ್ಲ, ಕಡಿಯುವ ಹಲ್ಲು ಸವೆಯದಿರಲು ಒಂದು ಕವಚ ಎಂದು ಮೊದಲೇ ಹೇಳಿದ್ದರು. ಫಿಸಿಯೋಥೆರಪಿಯಿಂದ ಸ್ನಾಯು ಸಡಿಲಾದಂತೆ ದವಡೆ ಕೂರುವ ರೀತಿಯೂ ಬದಲಾಗುತ್ತದೆ. ನಿನ್ನೆ ಸರಿಹೊಂದಿದ ಸ್ಪ್ಲಿಂಟ್ ಇವತ್ತು ಒಂದು ಕಡೆ ಮಾತ್ರ ತಾಗುತ್ತದೆ. ಹಾಗಾಗಿ ಅತ್ತ ಚಿಕಿತ್ಸೆ ಮುಗಿಸಿ ಇತ್ತ ಬಂದರೆ, ಇವರು ಸ್ಪ್ಲಿಂಟನ್ನು ಕೆರೆದು ಮಟ್ಟ ಮಾಡುತ್ತಿದ್ದರು. ಬಲಗಡೆಯ ಒಂದು ಹಲ್ಲಿಗೆ ಕ್ಯಾಪ್ ಹಾಕಿಸಬೇಕಿತ್ತು. ದಂತವೈದ್ಯರು ಅದನ್ನು ಮುಂದೂಡಿದರು. ದವಡೆ ಒಂದು ಸ್ಥಿತಿಗೆ ಬಾರದೆ ಕ್ಯಾಪ್ ಹಾಕಿದರೆ, ಕೆಟ್ಟ ಭಂಗಿಗೇ ಹಲ್ಲನ್ನು ಹೊಂದಿಸಿದಂತಾಗುತ್ತದೆ. ಮೂರನೆಯ ವಾರ ಬಾಯಿ ತೆರೆಯುವುದು ಹೆಚ್ಚಾಗದೆ ನಿಂತಾಗ ಫಿಸಿಯೋಥೆರಪಿಸ್ಟ್ ಅವರೇ ಫೋನ್ ಮಾಡಿ, ಇಬ್ಬರೂ ಮಾತಾಡಿ ವ್ಯಾಯಾಮದ ಕ್ರಮ ಬದಲಿಸಿದರು. ಮೂರು ತಿಂಗಳಿಗೆ 41 ಮಿಲಿಮೀಟರ್ ಆಯಿತು. ಬಿಲ್ಲೆ ಹಳೆಯ ಜಾಗಕ್ಕೆ ಮರಳಿರಬೇಕೆಂದೇನಿಲ್ಲವಂತೆ. ಅದು ಮರಳದೆಯೂ ಕೀಲು ಹೊಂದಿಕೊಂಡು ಬಾಯಿ ತೆರೆಯುವುದು ಸಾಮಾನ್ಯ.

ಇಷ್ಟು ಸಹಜವಾದ ಜೊತೆಗಾರಿಕೆ ಯಾಕಿಷ್ಟು ಅಪರೂಪ? ಸಂಶೋಧನೆ ಮಾಡುವವರ ಚಾಳಿ, ಉತ್ತರವನ್ನು ಚರಿತ್ರೆಯಲ್ಲಿ ಹುಡುಕಿದೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಶುರುವಾಯಿತು. ಹಲ್ಲಿನ ವಿದ್ಯೆ ವೈದ್ಯಕೀಯದಿಂದ ಬೇರೆ ಮನೆ ಮಾಡಿತು. ನಮ್ಮಲ್ಲಿ ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತಾದಲ್ಲಿ ದಂತ ಕಾಲೇಜು ಕಟ್ಟಿದರು. 1948ರಲ್ಲಿ ದಂತವೈದ್ಯರಿಗೆ ಪ್ರತ್ಯೇಕ ಕಾಯ್ದೆ ಬಂತು. ಫಿಸಿಯೋಥೆರಪಿಯನ್ನು ಒಳಗೊಂಡ ರಾಷ್ಟ್ರೀಯ ಕಾಯ್ದೆ ಬಂದದ್ದು 2021ರಲ್ಲಿ. ಇಬ್ಬರಿಗೂ ಬೇರೆ ಕಾಲೇಜು, ಬೇರೆ ಪಠ್ಯ, ಬೇರೆ ಪರಿಷತ್ತು. ಬೇರೆಯಾದದ್ದರಿಂದ ಹಲ್ಲಿನ ವಿದ್ಯೆ ಬೆಳೆಯಿತು, ನಿಜ. ಆದರೆ ಹಲ್ಲಿಗೂ ಕುತ್ತಿಗೆಗೂ ಕಿವಿಗೂ ನಡುವೆ ಇರುವ ಒಂದು ಕೀಲು ಗಡಿಯಲ್ಲಿ ಉಳಿದುಹೋಯಿತು.

ಗಡಿಯ ಜಮೀನಿನಂತೆ ಅದರ ಮೇಲೆ ಎಲ್ಲರೂ ಒಂದೊಂದು ಸಲ ಹಕ್ಕು ಹೇಳಿದ್ದಾರೆ. 1934ರಲ್ಲಿ ಈ ನೋವನ್ನು ಕಿವಿಯ ತೊಂದರೆಗಳ ಜೊತೆ ಜೋಡಿಸಿ ಬರೆದ ಜೇಮ್ಸ್ ಕಾಸ್ಟನ್ ಕಿವಿ-ಮೂಗು-ಗಂಟಲಿನ ವೈದ್ಯ. ಕಾರಣ ಮಾತ್ರ ಹಲ್ಲಿನದು ಎಂದ: ಹಿಂದಿನ ಹಲ್ಲು ಬಿದ್ದು ದವಡೆ ಅತಿಯಾಗಿ ಮುಚ್ಚಿಕೊಳ್ಳುವುದೇ ಮೂಲ. ಆ ಮಾತಿನ ಬೆನ್ನಿಗೆ ಕಚ್ಚುವ ಮಟ್ಟ ಸರಿಪಡಿಸುವ ಚಿಕಿತ್ಸೆಗಳು ದಶಕಗಳ ಕಾಲ ನಡೆದವು. 1969ರಲ್ಲಿ ಡೇನಿಯಲ್ ಲಾಸ್ಕಿನ್, ಎಷ್ಟೋ ರೋಗಿಗಳಲ್ಲಿ ತೊಂದರೆ ಇರುವುದು ಸ್ನಾಯುಗಳಲ್ಲಿ, ಅದರ ಹಿಂದೆ ಮನಸ್ಸಿನ ಒತ್ತಡವಿದೆ ಎಂದು ವಾದಿಸಿದರು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೀಲಿನ ಬಿಲ್ಲೆಯನ್ನೇ ತೆಗೆದು ಟೆಫ್ಲಾನ್ ಬಳಸಿದ ಕೃತಕ ಬಿಲ್ಲೆ ಇಡತೊಡಗಿದರು. ಅಗಿತದ ಭಾರಕ್ಕೆ ಅವು ಪುಡಿಯಾಗಿ ಸುತ್ತಲಿನ ಮೂಳೆಯನ್ನೇ ತಿಂದವು. 1990-91ರಲ್ಲಿ ಅಲ್ಲಿನ ಔಷಧ ಆಡಳಿತ ಎಚ್ಚರಿಕೆ ಕೊಟ್ಟು ಅವನ್ನು ಹಿಂತೆಗೆಸುವ ಹೊತ್ತಿಗೆ ಹಲವರ ಮುಖಕ್ಕೆ ಸರಿಪಡಿಸಲಾಗದ ಹಾನಿಯಾಗಿತ್ತು. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಹಾನಿಯ ಹೆಚ್ಚಿನ ಪಾಲೂ ಅವರದೇ ಆಯಿತು.

2020ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಈ ಬಗ್ಗೆ ದೊಡ್ಡ ವರದಿ ತಂದವು. ವೈದ್ಯಕೀಯ ಮತ್ತು ದಂತವೈದ್ಯಕೀಯದ ನಡುವಿನ ಒಡಕಿನಲ್ಲಿ ರೋಗಿಗಳು ಸಿಕ್ಕಿಬಿದ್ದಿದ್ದಾರೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. 2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ, ಈ ಕೀಲಿನ ದೀರ್ಘಕಾಲದ ನೋವಿಗೆ ತಜ್ಞರ ಮೇಲ್ವಿಚಾರಣೆಯ ದವಡೆ ಮತ್ತು ಭಂಗಿಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ಮನಸ್ಸಿನ ಚಿಕಿತ್ಸೆ ಇವನ್ನು ಬಲವಾಗಿ ಶಿಫಾರಸು ಮಾಡಿತು. ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆಯಂಥ, ಹಿಂದಕ್ಕೆ ತಿರುಗಿಸಲಾಗದ ಕ್ರಮಗಳು ಬೇಡ ಎಂದಿತು. ಸ್ಪ್ಲಿಂಟ್ ಬಗ್ಗೆಯೂ ಅದಕ್ಕೆ ಅಷ್ಟೇನೂ ಉತ್ಸಾಹವಿಲ್ಲ. ಅಂದರೆ ಸಾಕ್ಷ್ಯ ವಾಲುತ್ತಿರುವುದು ಫಿಸಿಯೋಥೆರಪಿಯ ಕಡೆಗೆ, ರೋಗಿ ಮೊದಲು ತಟ್ಟುವ ಬಾಗಿಲು ಮಾತ್ರ ದಂತವೈದ್ಯರದು. ಈ ಎರಡರ ನಡುವಿನ ದಾರಿ ಗೊತ್ತಿರುವ ದಂತವೈದ್ಯರು ಸಿಗುವುದೇ ರೋಗಿಯ ಅದೃಷ್ಟ.

ಕುತೂಹಲಕ್ಕೆ ಸುಶ್ರುತ ಸಂಹಿತೆಯನ್ನೂ ತಿರುವಿ ಹಾಕಿದೆ. ಮುರಿದ, ತಪ್ಪಿದ ಮೂಳೆಗಳ ಚಿಕಿತ್ಸೆಯ ಅಧ್ಯಾಯದಲ್ಲಿ ಕಳಚಿದ ದವಡೆಯ ಸಂಧಿಗೆ ಮೊದಲು ಕಾವು ಕೊಟ್ಟು, ಸರಿಯಾಗಿ ಕೂಡಿಸಿ, ಆಮೇಲೆ ಪಂಚಾಂಗಿ ಎಂಬ ಕಟ್ಟು ಕಟ್ಟಬೇಕೆಂದಿದೆ. ಅದು ಬೇರೆ ತೊಂದರೆ, ನನ್ನದಕ್ಕೆ ಹೋಲಿಸುವಂತಿಲ್ಲ. ಆದರೆ ಕಾವು ಕೊಡುವ ಕೈ, ಕೂಡಿಸುವ ಕೈ, ಕಟ್ಟುವ ಕೈ ಅಲ್ಲಿ ಒಬ್ಬರವೇ. ಆ ಕಾಲಕ್ಕೆ ಮರಳಲಾಗುವುದಿಲ್ಲ, ಮರಳಬೇಕಾಗಿಯೂ ಇಲ್ಲ. ಕೈಗಳು ಬೇರೆಬೇರೆ ಆದ ಮೇಲೆ ಅವು ಪತ್ರ ಬರೆದುಕೊಳ್ಳುವುದನ್ನಾದರೂ ಕಲಿಯಬೇಕು.

ಫಿಸಿಯೋಥೆರಪಿ ವಿಭಾಗದ ಬೆಂಚಿನ ಮೇಲೆ ಒಮ್ಮೆ ನನ್ನ ಪಕ್ಕದಲ್ಲಿ ಹಳ್ಳಿಯಿಂದ ಬಂದ ಒಬ್ಬ ಹೆಂಗಸು ಕೂತಿದ್ದರು. ಮಂಡಿನೋವಿಗೆ ಬಂದವರು. ನಾನು ಕೆನ್ನೆ ಹಿಡಿದುಕೊಂಡಿದ್ದನ್ನು ನೋಡಿ, ತಮಗೂ ಅಲ್ಲೇ ನೋವು, ನಾಲ್ಕು ವರ್ಷದಿಂದ ಇದೆ ಎಂದರು. ಅದಕ್ಕಾಗಿ ಒಂದಾದ ಮೇಲೊಂದು ಎರಡು ದವಡೆಹಲ್ಲು ಕೀಳಿಸಿಕೊಂಡಿದ್ದರಂತೆ. "ಹಲ್ಲು ಹೋದುವು, ನೂವು ಹಂಗ ಐತಿ ತಂಗೀ." ಅವರ ಸರದಿ ಬಂದಾಗ ಈ ವಿಷಯ ಹೇಳಿದೆ. ಫಿಸಿಯೋಥೆರಪಿಸ್ಟ್ ಮಂಡಿಯ ಜೊತೆ ದವಡೆಯನ್ನೂ ನೋಡಿ, ದಂತ ವಿಭಾಗಕ್ಕೊಂದು ಚೀಟಿ ಬರೆದರು. ಅವರು ಅದನ್ನು ತಂದು ನನ್ನ ಕೈಗಿತ್ತರು. "ಏನ ಬರದಾರ ಓದಿ ಹೇಳವ್ವಾ. ಅಲ್ಲಿಗ್ಹೋದ್ರ ಮತ್ತ ಹಲ್ಲು ಕೀಳ್ತಾರೇನು?"

ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಓದಿ ಹೇಳಿದೆ: ಎಡ ದವಡೆಯ ಕೀಲು ಮತ್ತು ಸ್ನಾಯುಗಳಲ್ಲಿ ನೋವಿದೆ, ದಯವಿಟ್ಟು ಪರೀಕ್ಷಿಸಿ, ಹಲ್ಲು ಕೀಳುವ ಯೋಚನೆಯಿದ್ದರೆ ಮೊದಲು ನನ್ನ ಜೊತೆ ಮಾತಾಡಿ. ಕೆಳಗೆ ಫೋನ್ ನಂಬರ್ ಇತ್ತು. ಅವರು ಚೀಟಿಯನ್ನು ನಾಲ್ಕಾಗಿ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು, ದಂತ ವಿಭಾಗ ಯಾವ ಕಡೆಗೆ ಎಂದು ಕೇಳಿದರು. ನನಗೆ ಆ ದಾರಿ ಚೆನ್ನಾಗಿ ಗೊತ್ತಿತ್ತು. ಜೊತೆಗೇ ಹೋದೆ.